ಇಪ್ಪತ್ತು ಮಿಲಿ

ಡಾಕ್ಟರ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು:
ನೀರಿಗಿಳಿಯುವಂತಿಲ್ಲ.
ನಾಲ್ಕಾಗಿ ಮಡಿಸಿ ಬ್ಯಾಗಿನ ತಳಕ್ಕೆ ತಳ್ಳಿ
ಸೆಬು ಬಂದರಿನಲ್ಲಿ ರಾತ್ರಿ ಹಡಗು ಹತ್ತಿದೆ,
ಕಂಕುಳಲ್ಲಿ ಐಸು ತುಂಬಿದ ಥರ್ಮಾಸು,
ಅದರೊಳಗೆ ನಾಲ್ಕು ವಾರದ ನನ್ನ ಸೂಜಿಮದ್ದು.

ದ್ವೀಪದಲ್ಲಿ ಒಂದು ಅಂಗಿ ಕೊಟ್ಟರು, ಎದೆಯ ಮೇಲೆ ಆಮೆ.
ಗುಂಡಿ ಹಾಕಲು ಬಾರದ ಬೆರಳಿಗೆ
ಗುಂಡಿಯೇ ಇಲ್ಲದ ಅಂಗಿ.
ಮೊದಲ ಉಪಕಾರ ಅವರದೇ ಆಯಿತು.

ಉಳಿದವರೆಲ್ಲ ಇಪ್ಪತ್ತರ ಆಸುಪಾಸು.
ಬೆನ್ನಿಗೆ ಸಿಲಿಂಡರು ಬಿಗಿದು ಹಿಮ್ಮುಖ ಬಿದ್ದರೆ
ಗುಳುಂ, ಸಮುದ್ರ ನುಂಗಿಬಿಡುತ್ತದೆ.
ನಾನು ಬಾಂಕಾ ದೋಣಿಯ ಬಿದಿರ ರೆಕ್ಕೆಗಳ ನಡುವೆ
ಹಿಂಡಿಟ್ಟ ಬಟ್ಟೆಯ ಹಾಗೆ ಕೂತು ಗುಳ್ಳೆ ಎಣಿಸುತ್ತೇನೆ.
ಏಳು ಜನ ಇಳಿದರು, ಏಳು ಕಡೆ ಗುಳ್ಳೆ.
ಎಂಜಿನ್ ಪಕ್ಕ ತೆಯೋಡುಲ್ಫೊ ನಿದ್ದೆ ಹೋಗಿದ್ದಾನೆ,
ಅವನಿಗೆ ಎಣಿಸದೆಯೂ ಗೊತ್ತಾಗುತ್ತದೆ.

ಎರಡನೆಯ ವಾರ ಅದೂ ಇಲ್ಲ.
ಮೊಣಕಾಲು ಹಲಸಾಗಿ ಊದಿತು.
ಜ್ವರ, ಚಾಪೆ, ತಗಡಿನ ಸೂರು,
ಸೂರಿನ ಮೇಲೆ ಯಾರದೋ ಕೋಳಿ.
ಪೆರ್ಪೆತುವಾ ಶುಂಠಿ ಗಂಜಿ ತಂದಳು, ಉಣಿಸಿದಳು, ಬಾಯಿ ಒರೆಸಿದಳು.
ಆಮೇಲೆ ಕೇಳಿದಳು:
ನೀನು ಸೇವೆ ಮಾಡಲು ಬಂದೆಯೋ,
ಮಾಡಿಸಿಕೊಳ್ಳಲು ಬಂದೆಯೋ?
ಇದ್ದ ಮೂರು ಹಲ್ಲಲ್ಲಿ ನಕ್ಕಳು. ನಾನೂ ನಕ್ಕೆ.
ರಾತ್ರಿಯಿಡೀ ಆ ಮಾತು ಮುಳ್ಳು ಮುರಿದ ಹಾಗೆ ಒಳಗೇ ಉಳಿಯಿತು.

ಇವಳ ಅಳಿಯ ತೆಂಗು ಹತ್ತಿ ಕಳ್ಳು ಇಳಿಸುತ್ತಾನೆ.
ಕುಡಿದು ಉಳಿದದ್ದು ಹುಳಿಯುತ್ತದೆ, ಮಡಕೆಯಲ್ಲಿ ತಿಂಗಳುಗಟ್ಟಲೆ.
ಅದೇ ವಿನೆಗರು
ಮೀನಿಗೆ, ಉಪ್ಪಿನಕಾಯಿಗೆ, ಈಗ
ದಪಗಿಗೆ.

ದಪಗು ಎಂದರೆ ಮೈಯೆಲ್ಲ ಮುಳ್ಳಿನ ನಕ್ಷತ್ರಮೀನು.
ಹವಳದ ಮೇಲೆ ಕೂತು ಹೊಟ್ಟೆಯನ್ನೇ ಬಾಯಿಂದ ಹೊರಗೆ ಹಾಸಿ
ಜೀವ ಕರಗಿಸಿ ಕುಡಿದು, ಬಿಳಿ ಎಲುಬು ಬಿಟ್ಟು
ಮುಂದಿನ ಮನೆಗೆ ಹೋಗುತ್ತದೆ.
ಒಂದೊಂದಕ್ಕೂ ಇಪ್ಪತ್ತು ಮಿಲಿ ವಿನೆಗರು ಚುಚ್ಚಬೇಕು.

ನಾನು ಎದ್ದು ಕೂತ ಸಂಜೆ
ರೊವೆನಾ ಸಿರಿಂಜು ತುಂಬಿಸುತ್ತಿದ್ದಳು.
ಅರ್ಧ ಒಳಗೆ, ಅರ್ಧ ಮಂಡಿಯ ಮೇಲೆ.
ಕೊಡು ಇಲ್ಲಿ, ಎಂದೆ.
ದಾವಾವೊ ಆಸ್ಪತ್ರೆಯ ಲ್ಯಾಬಿನಲ್ಲಿ
ಮೂವತ್ತೊಂದು ವರ್ಷ ಊರವರ ರಕ್ತ ತೆಗೆದವಳು ನಾನು.
ಬೆರಳು ಮಡಚದು, ನಿಜ.
ಅಂಗೈಗೆ ಆನಿಸಿ ಹೆಬ್ಬೆರಳ ಬುಡದಿಂದ ಎಳೆದೆ.
ಬಂತು.
ಎತ್ತಿ ಹಿಡಿದು, ತಟ್ಟಿ, ಗಾಳಿಗುಳ್ಳೆ ಹೊರಡಿಸಿದೆ.
ದಪಗಿಗೆ ಗಾಳಿಗುಳ್ಳೆಯಿಂದ ಏನಾಗುತ್ತೆ ಆಂಟಿ,
ಹೇಗೂ ಸಾಯೋದೇ ತಾನೆ, ಎಂದಳು ರೊವೆನಾ.
ಅಭ್ಯಾಸ, ಎಂದೆ.

ಆ ರಾತ್ರಿ ಅರವತ್ತು. ಮರುದಿನ ಎಂಬತ್ತು.

ಅಳತೆ ನೋಡಲೆಂದು ಒಂದನ್ನು ಬಕೆಟ್ಟಿನಲ್ಲಿ ಮೇಲೆ ತಂದರು.
ನೇರಳೆ ಬಣ್ಣ, ಹದಿನಾರು ತೋಳು.
ತುದಿಯಲ್ಲಿ ಕೆಂಪು ಚುಕ್ಕಿ, ಅದೇ ಕಣ್ಣಂತೆ.
ಬಕೆಟ್ಟಿನ ಗೋಡೆಯನ್ನು ಮೆಲ್ಲಗೆ ತಡವುತ್ತಿತ್ತು,
ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ.
ಇದು ಹೊರಗಿನಿಂದ ಬಂದದ್ದಲ್ಲ, ಎಂದ ತೆಯೋಡುಲ್ಫೊ,
ನಮ್ಮಜ್ಜನ ಕಾಲಕ್ಕೂ ಇತ್ತು.
ಲೆಕ್ಕ ತಪ್ಪಿದೆ, ಅಷ್ಟೆ.

ನಾನು ನನ್ನ ಊದಿದ ಗೆಣ್ಣು ನೋಡಿಕೊಂಡೆ.
ಇದನ್ನೂ ಹೊರಗಿನದು ಯಾವುದೂ ತಿನ್ನುತ್ತಿಲ್ಲ.
ನನ್ನದೇ ರಕ್ತ, ನನ್ನದೇ ಕಾವಲು.

ಶುಕ್ರವಾರ ನನ್ನ ಸರದಿ.
ಕರೆಂಟು ಇರಲಿಲ್ಲ. ಪೆರ್ಪೆತುವಾ ಟಾರ್ಚು ಹಿಡಿದಳು.
ಹೊಟ್ಟೆಯ ಚರ್ಮ ಚಿವುಟಿ ಎತ್ತಿದೆ,
ಕೈ ಇನ್ನೂ ಹುಳಿ ನಾರುತ್ತಿತ್ತು.
ಅವಳು ಬಗ್ಗಿ ನೋಡಿ, ಪಿಸುದನಿಯಲ್ಲಿ:
ಇದರಲ್ಲೂ ವಿನೆಗರೇ?

ನಕ್ಕು ನಕ್ಕು ಸೂಜಿ ನಡುಗಿತು.
ತಡಿ, ತಡಿ, ಎಂದೆ.
ಎತ್ತಿ ಹಿಡಿದು ತಟ್ಟಿದೆ.
ಒಂದು ಗುಳ್ಳೆ ಟಾರ್ಚಿನ ಬೆಳಕಲ್ಲಿ ನಿಧಾನ ಮೇಲೇರಿತು,
ಕೆಳಗೆ ಯಾರೋ ಇದ್ದಾರೆ ಎನ್ನುವ ಹಾಗೆ.